ಸರ್ವೆಗೆ ಉತ್ತರ ಕೊಟ್ಟವರಿಗೆ ದುಡ್ಡು: ಕೊಡೋದಾದರೆ ಎಷ್ಟು, ಯಾವಾಗ, ಹೇಗೆ?

ಕಾಗಿಣಾ ದಂಡೆ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಊರು ಸೇಡಂ ಹತ್ತಿರ, ಓದು ಕಲಬುರಗಿಯಲ್ಲಿ. ಪಿಎಚ್‌ಡಿಗೆ ಒಂದು ಸರ್ವೆ ಮಾಡಬೇಕಿದೆ. ವಿಷಯ ಇಷ್ಟೇ: ತೊಗರಿ ರಾಶಿ ಆದ ಮೇಲೆ ರೈತರು ಕೂಡಲೇ ಮಾರುತ್ತಾರಾ, ರೇಟಿಗಾಗಿ ಕಾದು ಇಟ್ಟುಕೊಳ್ಳುತ್ತಾರಾ, ಯಾಕೆ?

ಗೂಗಲ್ ಫಾರ್ಮ್ ಮಾಡಿ ಸೇಡಂ, ಚಿಂಚೋಳಿ, ಚಿತ್ತಾಪುರ ಕಡೆಯ ವಾಟ್ಸಾಪ್ ಗ್ರೂಪ್‌ಗಳಿಗೆಲ್ಲ ಹಾಕಿದೆ. ಹತ್ತು ದಿನ ಆಯ್ತು. ಬಂದಿದ್ದು 23 ಉತ್ತರ. ಅದರಲ್ಲಿ ಎರಡು ನಮ್ಮ ಸೋದರಮಾವನದೇ. ಒಂದರಲ್ಲಿ ಹೊಲ 6 ಎಕರೆ ಅಂತಿದೆ, ಇನ್ನೊಂದರಲ್ಲಿ 4.

ಕೈಯಲ್ಲಿ 30,000 ರೂಪಾಯಿ ಇದೆ. 12,000ದ ಒಂದು ಮೊಬೈಲ್ ಲಕ್ಕಿ ಡ್ರಾಗೆ ಇಡು, ಜನ ಮುಗಿಬೀಳುತ್ತಾರೆ ಅಂತ ಗೆಳೆಯ ಹೇಳುತ್ತಾನೆ. ಫಾರ್ಮ್ ತುಂಬಿದವರಿಗೆ 100 ರೂಪಾಯಿ ಫೋನ್‌ಪೇ ಮಾಡು ಅಂತ ಇನ್ನೊಬ್ಬಳ ಸಲಹೆ. ಗೈಡ್ ಮಾತ್ರ 'ದುಡ್ಡು ಕೊಟ್ಟರೆ ಡೇಟಾ ಕೆಡುತ್ತೆ' ಅಂತ ಒಂದೇ ಮಾತಲ್ಲಿ ಮುಗಿಸಿದರು. ಇಲ್ಲಿ ಹಳ್ಳಿ ಹಳ್ಳಿ ತಿರುಗಿ ಸರ್ವೆ ಮಾಡಿದವರು ಇದ್ದೀರಿ. ಏನು ಮಾಡಲಿ?

ಸೂಪರ್ ಮಾರ್ಕೆಟ್ ಚಾ · 9:31

ಲಕ್ಕಿ ಡ್ರಾ ಬೇಡ ತಮ್ಮಾ. 'ಲಿಂಕ್ ಒತ್ತಿ, ಮೊಬೈಲ್ ಗೆಲ್ಲಿ' ಅಂತ ನಮ್ಮವ್ವನಿಗೇ ದಿನಕ್ಕೆ ನಾಲ್ಕು ಮೆಸೇಜ್ ಬರುತ್ತವೆ. ಒತ್ತಬೇಡ, ಒತ್ತಬೇಡ ಅಂತ ಹೇಳಿ ಹೇಳಿ ಈಗಷ್ಟೇ ಕಲಿಸಿದ್ದೇನೆ. ನಿನ್ನ ಫಾರ್ಮ್ ಕೂಡ ಆಕೆಯ ಕಣ್ಣಿಗೆ ಅದೇ ಥರ ಕಾಣುತ್ತೆ.

ಫೋನ್‌ಪೇ ಕೂಡ ಅಷ್ಟೇ. ಗುರುತಿಲ್ಲದವನು ನಂಬರ್ ಕೇಳಿದ ಅಂದರೆ 'ಇವನು ಹಾಕುವವನಲ್ಲ, ತೆಗೆಯುವವನು' ಅಂತ ಜನ ತಿಳಿಯುತ್ತಾರೆ.

ಮಾವನ ಎರಡು ಎಕರೆ ಎಲ್ಲಿ ಹೋಯ್ತು ಅನ್ನೋದು ಬೇರೆ ಸಂಶೋಧನೆ.

ಅಂಕಿ ಸಂಖ್ಯೆ · 10:05

ನಾನು ಬೀದರ್‌ನವನು, ಇದೇ ಕೆಲಸದಲ್ಲಿದ್ದೇನೆ. ಇದರ ಬಗ್ಗೆ ಹೊರದೇಶದಲ್ಲಿ ತುಂಬಾ ವರ್ಷದಿಂದ ಪ್ರಯೋಗ ನಡೆದಿದೆ. ನಿಮ್ಮ ಗೈಡ್ ಹೇಳಿದಷ್ಟು ಸರಳ ಇಲ್ಲ.

1993ರಲ್ಲಿ ಚರ್ಚ್ ಅನ್ನುವವರು ಅಂಚೆ ಸರ್ವೆಗಳ 38 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಪ್ರಶ್ನೆಪತ್ರದ ಜೊತೆಗೇ ದುಡ್ಡು ಇಟ್ಟು ಕಳಿಸಿದ ಕಡೆ ಉತ್ತರ ಸರಾಸರಿ ನೂರಕ್ಕೆ 19ರಷ್ಟು ಏರಿತ್ತು. ಅಂದರೆ ನೂರರಲ್ಲಿ 40 ಜನ ಉತ್ತರಿಸುತ್ತಿದ್ದ ಕಡೆ 59 ಜನ. ದುಡ್ಡಿನ ಬದಲು ಪೆನ್ನು ಗಿನ್ನು ಇಟ್ಟ ಕಡೆ ಸುಮಾರು 8. 'ಮೊದಲು ತುಂಬಿ ಕಳಿಸಿ, ಆಮೇಲೆ ಕೊಡುತ್ತೇವೆ' ಅಂದ ಕಡೆ ಹೇಳಿಕೊಳ್ಳುವಂಥ ಲಾಭವೇ ಇರಲಿಲ್ಲ.

ಇದಕ್ಕಿಂತ ಮಜಾ ಅಮೆರಿಕದ ಸಣ್ಣ ಗುತ್ತಿಗೆದಾರರ ಮೇಲೆ ನಡೆದ ಒಂದು ಪ್ರಯೋಗ. ಅದು 1992ರಲ್ಲಿ ಪ್ರಕಟವಾಯಿತು. ಕೆಲವರಿಗೆ ಲಕೋಟೆಯಲ್ಲೇ 1 ಡಾಲರ್ ನೋಟು. ಕೆಲವರಿಗೆ ಉತ್ತರ ಬಂದ ಮೇಲೆ 50 ಡಾಲರ್ ಅನ್ನೋ ಮಾತು. ಜಾಸ್ತಿ ಉತ್ತರ ಬಂದಿದ್ದು ಒಂದು ಡಾಲರಿನವರಿಂದ!

ಲೆಕ್ಕಕ್ಕೆ ಇದು ವಿಚಿತ್ರ. ಆದರೆ ನಮಗೆ ವಿಚಿತ್ರ ಅಲ್ಲ. ಮದುವೆಯಲ್ಲಿ ಮುಯ್ಯಿ ಬರೆಸುತ್ತೇವಲ್ಲ, ಅದೇ. ಅವರು ನಮ್ಮ ಮನೆಗೆ 101 ಮುಯ್ಯಿ ಹಾಕಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅವರ ಮಗಳ ಮದುವೆಗೆ ಹುಡುಕಿಕೊಂಡು ಹೋಗಿ ತಿರುಗಿಸುತ್ತೇವೆ. ಮೊದಲು ಕೈಗಿಟ್ಟ ಸಣ್ಣ ದುಡ್ಡು ಮುಯ್ಯಿ ಆಗುತ್ತೆ. ಆಮೇಲೆ ಕೊಡೋ ದೊಡ್ಡ ದುಡ್ಡು ಕೂಲಿ ಆಗುತ್ತೆ. ಕೂಲಿ ಅಂದ ಕೂಡಲೇ ಮನುಷ್ಯ 'ಇಷ್ಟಕ್ಕೆ ಇಷ್ಟು ಕೆಲಸ ಗಿಟ್ಟುತ್ತಾ' ಅಂತ ತೂಗಿ ನೋಡುತ್ತಾನೆ.

ಔರಾದ್ ಮಾಸ್ತರ · ಸೋಮವಾರ ಬೆಳಿಗ್ಗೆ 6:20

ನಾನು 1991, 2001, 2011, ಮೂರು ಜನಗಣತಿ ಮಾಡಿದವನು. ಒಬ್ಬರಿಗೂ ಒಂದು ಪೈಸೆ ಕೊಟ್ಟಿಲ್ಲ. ಉಲ್ಟಾ ನನಗೇ ಚಾ ಕುಡಿಸಿ ಕಳಿಸಿದ್ದಾರೆ. ಒಂದು ಮನೆಯಲ್ಲಿ ಬಿಸಿ ರೊಟ್ಟಿ ಪುಂಡಿಪಲ್ಯ ಹಾಕಿ, ಉಂಡೇ ಎದ್ದೇಳಬೇಕು ಅಂತ ಕೂರಿಸಿದ್ದರು.

ನಮ್ಮ ಜನ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ. ಅಮೆರಿಕದ ಲೆಕ್ಕ ತಂದು ಅವರಿಗೂ ದುಡ್ಡಿನ ರುಚಿ ಹತ್ತಿಸಬೇಡಿ. ನಾಳೆ ಆಶಾ ಅಕ್ಕ ಬಂದು ಕೂಸಿನ ತೂಕ ಕೇಳಿದರೂ 'ಎಷ್ಟು ಕೊಡ್ತಿ?' ಅಂತಾರೆ.

ಅಂಕಿ ಸಂಖ್ಯೆ · 7:48

ಮಾಸ್ತರ್ರೇ, ನಿಮ್ಮ ಮಾತಿಗೆ ಪುರಾವೆಯೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶಾದ್ಯಂತ 6 ಲಕ್ಷಕ್ಕೂ ಜಾಸ್ತಿ ಮನೆ. ನೂರಕ್ಕೆ 98 ಮನೆ ಉತ್ತರ ಕೊಟ್ಟಿವೆ. ಮನೆ ಬಾಗಿಲಿಗೆ ಮನುಷ್ಯ ಹೋದರೆ ನಮ್ಮಲ್ಲಿ ಉತ್ತರ ಸಿಗುತ್ತೆ, ನಿಜ.

ಆದರೆ ಅದರೊಳಗೇ ಇನ್ನೊಂದು ಅಂಕಿ ಇದೆ. ಹೆಂಗಸರಲ್ಲಿ 97, ಗಂಡಸರಲ್ಲಿ 92. ಗಂಡಸರು ಯಾಕೆ ಕಡಿಮೆ? ಅದನ್ನು ನಿಮಗೆ ನಾನು ಹೇಳಿಕೊಡಬೇಕಾ?

ಇನ್ನೊಂದು ವಿಷಯ. ಜನಗಣತಿಗೆ ಹಿಂದೆ 1948ರ ಕಾಯ್ದೆ ಇದೆ, ಉತ್ತರ ಕೊಡಲೇಬೇಕು. ಜೊತೆಗೆ ನೀವು ಊರಿನ ಶಾಲೆ ಮಾಸ್ತರು. ಈ ಹುಡುಗನ ಹಿಂದೆ ಕಾಯ್ದೆಯೂ ಇಲ್ಲ, ಅವನು ಯಾರ ಮಕ್ಕಳಿಗೂ ಮಗ್ಗಿ ಹೇಳಿಕೊಟ್ಟಿಲ್ಲ.

ಔರಾದ್ ಮಾಸ್ತರ · 7:55

ಅದು ಒಪ್ಪಿದೆ.

ಸುರಪುರದಾಕಿ · ಸೋಮವಾರ ಮಧ್ಯಾಹ್ನ 1:40

ಆರು ವರ್ಷ ಯಾದಗಿರಿ ಜಿಲ್ಲೆಯಲ್ಲಿ ಮನೆ ಮನೆ ಸರ್ವೆ ಮಾಡಿದ್ದೇನೆ. ಪುಸ್ತಕದ ಮಾತು ಬಿಟ್ಟು ಒಂದು ದಿನದ ಕಥೆ ಹೇಳುತ್ತೇನೆ.

ಶಹಾಪುರ ಕಡೆ ಒಂದು ತಾಂಡಾ. ಮಕ್ಕಳ ಊಟದ ಬಗ್ಗೆ ಸರ್ವೆ. ಐದು ಮನೆಗೆ ಒಂದು ಮನೆ ಅಂತ ಲೆಕ್ಕ, 5 ವರ್ಷದೊಳಗಿನ ಕೂಸು ಇದ್ದರೆ ಮಾತ್ರ ಪ್ರಶ್ನೆ. ಮಾತಾಡಿದವರಿಗೆ ಒಂದು ಸ್ಟೀಲ್ ಡಬ್ಬಿ. ಅರ್ಧ ಕಿಲೋ ಸಕ್ಕರೆ ಹಿಡಿಯುವಷ್ಟು, ಮುಚ್ಚಳ ಗಟ್ಟಿ. ಮೊದಲ ಮನೆಯ ಹೆಂಗಸು ಕಟ್ಟೆ ಮೇಲೇ ಕೂತು ಉತ್ತರ ಕೊಟ್ಟಳು, ನಾನು ಕಟ್ಟೆ ಮೇಲೇ ಡಬ್ಬಿ ಕೊಟ್ಟೆ. ತಪ್ಪಾಗಿದ್ದು ಅಲ್ಲೇ. ಅರ್ಧ ತಾಸಿನಲ್ಲಿ ಇಡೀ ತಾಂಡಾಕ್ಕೆ ಗೊತ್ತು.

ಎರಡನೇ ಮನೆಯವಳು ನನ್ನ ಕೈ ಹಿಡಿದು ನಿಲ್ಲಿಸಿದಳು. 'ನಮ್ಮನಿ ಯಾಕ್ ಬಿಟ್ಟಿ? ನಮ್ಮನ್ಯಾಗ ಮಕ್ಕಳಿಲ್ಲೇನು?' ಐದಕ್ಕೆ ಒಂದು ಅನ್ನೋ ಲೆಕ್ಕ ಆಕೆಗೆ ಹೇಗೆ ಹೇಳೋದು? ಪಕ್ಕದವಳಿಗೆ ಡಬ್ಬಿ ಸಿಕ್ಕಿದೆ, ತನಗೆ ಇಲ್ಲ. ಮುಗೀತು.

ಆಮೇಲೆ ಹೋದ ಮನೆಗಳಲ್ಲೆಲ್ಲ ಕೂಸು ಇತ್ತು! ಕೆಂಪು ಬನಿಯನ್ ಹಾಕಿದ ಒಬ್ಬ ಹುಡುಗ, ಮೂಗು ಸುರಿಯುತ್ತಿತ್ತು ಪಾಪ, ಅವನನ್ನು ನಾನು ಮೂರು ಮನೆಯಲ್ಲಿ ನೋಡಿದೆ. ಮೂರನೇ ಮನೆಯಲ್ಲಿ ಅವನೇ ನನ್ನ ಗುರುತು ಹಿಡಿದು ನಕ್ಕ.

ಅಂದರೆ ದುಡ್ಡೋ ಸಾಮಾನೋ ಕೊಟ್ಟರೆ ಡೇಟಾ ಕೆಡಲ್ಲ ಅಂತ ಹೇಳಲಾರೆ. ಕೆಡುತ್ತೆ, ಆದರೆ ಎಲ್ಲಿ ಕೆಡುತ್ತೆ ಅಂತ ನೋಡಿ. ಊಟದ ಪ್ರಶ್ನೆಗೆ ಆಕೆ ಡಬ್ಬಿಗೋಸ್ಕರ ಸುಳ್ಳು ಹೇಳಲಿಲ್ಲ. 'ಕೂಸು ಇದೆಯಾ' ಅನ್ನೋ ಬಾಗಿಲಲ್ಲಿ ಸುಳ್ಳು ಬಂತು, ಯಾಕಂದರೆ ಡಬ್ಬಿ ಆ ಬಾಗಿಲಿನ ಆಚೆ ಇತ್ತು.

ಆಮೇಲಿಂದ ನಾವು ಮೊದಲು ಊರೆಲ್ಲ ತಿರುಗಿ ಮನೆ ಪಟ್ಟಿ ಮಾಡಿಕೊಳ್ಳುತ್ತಿದ್ದೆವು. ಆಗ ಚೀಲದಲ್ಲಿ ಏನೂ ಇಲ್ಲ. ಆರಿಸಿದ ಮನೆಗೆ ಮರುದಿನ ಹೋಗಿ, ಒಳಗೆ ಕೂತು, ಸರ್ವೆ ಶುರು ಮಾಡೋ ಮೊದಲೇ ಕೊಡುತ್ತಿದ್ದೆವು.

ಕಾಗಿಣಾ ದಂಡೆ · 2:15

ಅಕ್ಕಾ, ಇದು ನನಗೂ ಬರುತ್ತೆ. 'ತೊಗರಿ ಬಿತ್ತಿದ್ದೀರಾ' ಅನ್ನೋದೇ ನನ್ನ ಮೊದಲ ಪ್ರಶ್ನೆ. ಕಲಬುರಗಿ ಜಿಲ್ಲೆಯಲ್ಲಿ ಅದಕ್ಕೆ ಯಾರು ಇಲ್ಲ ಅಂತಾರೆ?

ಮೊದಲೇ ಕೊಟ್ಟರೆ ದುಡ್ಡು ಇಸಿದುಕೊಂಡು 'ಆಯ್ತು ಹೋಗಿ ಬಾ' ಅನ್ನಲ್ವಾ?

ಸುರಪುರದಾಕಿ · 2:22

ಒಬ್ಬಿಬ್ಬರು ಅಂತಾರೆ. ಅನ್ನಲಿ. ಹಾಗಂದ ಒಬ್ಬ ಮುತ್ಯಾ ಮರುದಿನ ಬಸ್ ಸ್ಟ್ಯಾಂಡಿಗೆ ಬಂದು ನನ್ನನ್ನು ಹುಡುಕಿ ಕೂತು ಮಾತಾಡಿದ. ರಾತ್ರಿ ನಿದ್ದೆ ಬರಲಿಲ್ಲವಂತೆ.

ಲೆಕ್ಕಪತ್ರ · ಸೋಮವಾರ ಸಂಜೆ 5:50

ಎಲ್ಲ ಸರಿ, ರಸೀದಿ? 30,000ಕ್ಕೆ ವೋಚರ್ ಇಲ್ಲದಿದ್ದರೆ ಆಡಿಟ್‌ನಲ್ಲಿ ಅಷ್ಟೂ ನಿಮ್ಮ ತಲೆ ಮೇಲೆ. ಹೆಸರು, ಸಹಿ ಇಲ್ಲವೇ ಹೆಬ್ಬೆಟ್ಟು, 1 ರೂಪಾಯಿ ಬಿಟ್ಟರೂ ಕೇಳುತ್ತಾರೆ. ನಾನು ಆ ಕಡೆ ಕೂತವನು, ಅದಕ್ಕೇ ಹೇಳುತ್ತಿದ್ದೇನೆ.

ಸುರಪುರದಾಕಿ · 6:10

ಅಣ್ಣಾ, ನಿಮ್ಮ ಹೆಬ್ಬೆಟ್ಟಿನ ಕಥೆಯೂ ಕೇಳಿ. ಗುರುಮಠಕಲ್ ಕಡೆ ಒಬ್ಬ ಮುದುಕಿ, 70 ದಾಟಿರಬೇಕು. ಒಂದು ತಾಸು ಚೆಂದಾಗಿ ಮಾತಾಡಿದಳು. 100ರ ನೋಟು ತಗೊಂಡು ಸೆರಗಿನ ತುದಿಗೆ ಕಟ್ಟಿದಳು. ನಾನು ಇಂಕ್ ಪ್ಯಾಡ್ ತೆಗೆದೆ. ಮುಖವೇ ಬದಲಾಯ್ತು. ಗಂಟು ಬಿಚ್ಚಿ ನೋಟು ನನ್ನ ತೊಡೆ ಮೇಲೆ ಇಟ್ಟಳು. 'ಒಯ್ಯವ್ವ ನಿನ್ ದುಡ್ಡು. ನನ್ ಪಗಾರ ಬಂದ್ ಆಗ್ತದ.' ಪಗಾರ ಅಂದರೆ ವೃದ್ಧಾಪ್ಯ ಪಿಂಚಣಿ. ಎಲ್ಲಿ ಹೆಬ್ಬೆಟ್ಟು ಒತ್ತಿದರೆ ಏನು ಬರುತ್ತೆ, ಏನು ಹೋಗುತ್ತೆ ಅನ್ನೋದು ಆಕೆಗೆ ನಿಮಗಿಂತ ಚೆನ್ನಾಗಿ ಗೊತ್ತು.

ಅಷ್ಟೇ ಆಗಿದ್ದರೆ ಹೋಗಲಿ. ಆಮೇಲೆ ಹೇಳಿದಳು, 'ನಾ ಹೇಳಿದ್ದೂ ಅಳಿಸಿ ಬಿಡು.' ಅಳಿಸಿದೆ. ಒಂದು ತಾಸಿನ ಮಾತು.

ಲೆಕ್ಕಪತ್ರ · 6:34

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ, ತಪ್ಪಾಯ್ತು. ಹಾಗಾದರೆ ದಾರಿ ಇಷ್ಟೇ. ಹೊರಡೋ ಮೊದಲೇ ಆಫೀಸಿಗೆ ಬರೆದು ಕೊಡಿ: ಇಷ್ಟು ಮನೆ, ಮನೆಗೆ ಇಷ್ಟು, ಹೆಸರಿನ ಬದಲು ಮನೆ ಕ್ರಮಸಂಖ್ಯೆ, ಪ್ರತಿ ಸಾಲಿಗೂ ಕೊಟ್ಟವರ ಸಹಿ ಮತ್ತು ಜೊತೆಗಿದ್ದ ಸಾಕ್ಷಿಯ ಸಹಿ. ಮೊದಲೇ ಒಪ್ಪಿಗೆ ಇದ್ದರೆ ಆಮೇಲೆ ಜಗಳ ಕಡಿಮೆ. ಬಾಯಲ್ಲಿ 'ಹೂಂ' ಅಂದರೆ ನಂಬಬೇಡಿ, ಕಾಗದದಲ್ಲಿ ಬರಲಿ.

ಮಾಂಜ್ರಾ · ಸೋಮವಾರ ರಾತ್ರಿ 9:05

ನಾನು ಭಾಲ್ಕಿ ಕಡೆ ರೈತ. ಎಲ್ಲರೂ ನಮ್ಮ ಬಗ್ಗೆಯೇ ಮಾತಾಡುತ್ತಿದ್ದೀರಿ, ನಾನೂ ಒಂದು ಮಾತು ಹೇಳಲಾ?

ನೂರು ರೂಪಾಯಿಗೆ ಬಾಯಿ ಬಿಡೋಷ್ಟು ಬಡತನ ನನಗಿಲ್ಲ. ಆದರೂ ಕೊಟ್ಟರೆ ಬೇಡ ಅನ್ನಲ್ಲ, ಯಾಕಂದರೆ ನನ್ನ ಹೊತ್ತಿಗೂ ಬೆಲೆ ಇದೆ ಅಂತ ಒಬ್ಬನಾದರೂ ತಿಳಿದುಕೊಂಡ ಅಂತ ಖುಷಿ.

ಸಿಟ್ಟು ಬರೋದು ಬೇರೆಯದಕ್ಕೆ. 'ಎಷ್ಟು ಕ್ವಿಂಟಲ್ ಬಂತು? ಎಷ್ಟು ಇಟ್ಟಿದ್ದೀರಿ? ಯಾವ ಅಡತ್ ಅಂಗಡಿಗೆ ಹಾಕಿದಿರಿ? ಎಷ್ಟು ಮುಂಗಡ ತಗೊಂಡಿದ್ದೀರಿ?' ತಮ್ಮಾ, ಇದನ್ನು ನನ್ನ ಅಳಿಯನಿಗೂ ಹೇಳಲ್ಲ ನಾನು. ಬೆಳೆ ವಿಮೆ ಬರುತ್ತೋ ಹೋಗುತ್ತೋ, ಬ್ಯಾಂಕಿನವನ ಕಿವಿಗೆ ಬೀಳುತ್ತೋ ಏನೋ. ನೂರಲ್ಲ, ಐನೂರು ಕೊಟ್ಟರೂ ಆ ಪ್ರಶ್ನೆಗೆ ಸುಮ್ನೆ ಒಂದು ಅಂಕಿ ಒಗೆಯುತ್ತೇನೆ. ಜಾಸ್ತಿ ಕೊಟ್ಟಷ್ಟೂ ಅನುಮಾನ ಜಾಸ್ತಿ. ಇಷ್ಟು ಕೊಡುತ್ತಾನೆ ಅಂದರೆ ಇವನಿಗೆ ಇದರಿಂದ ಎಷ್ಟು ಸಿಗುತ್ತೋ ಅಂತ.

ಆಮೇಲೆ, ಇಷ್ಟು ವರ್ಷದಲ್ಲಿ ಬಂದವರೆಲ್ಲ ಬರೆದುಕೊಂಡು ಹೋದರು. ಒಬ್ಬನೂ ತಿರುಗಿ ಬಂದು 'ಕಾಕಾ, ನಿಮ್ಮೂರಲ್ಲಿ ಹೀಗೆ ಕಂಡಿತು' ಅಂತ ಹೇಳಲಿಲ್ಲ.

ಸೂಪರ್ ಮಾರ್ಕೆಟ್ ಚಾ · 9:11

ಕಾಗಿಣಾ ತಮ್ಮನ ಮಾವ ಎರಡು ಎಕರೆ ಯಾಕೆ ಮುಚ್ಚಿಟ್ಟರು ಅಂತ ಈಗ ಗೊತ್ತಾಯ್ತು.

ಅಂಕಿ ಸಂಖ್ಯೆ · 9:40

ಮಾಂಜ್ರಾ ಕಾಕಾ ಹೇಳಿದ್ದು ಬಹಳ ದೊಡ್ಡ ಮಾತು. ಸಣ್ಣ ದುಡ್ಡು ಯಾವಾಗಲೂ ಕೆಲಸ ಮಾಡುತ್ತೆ ಅಂತೇನಿಲ್ಲ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಇಸ್ರೇಲ್‌ನ ವಿದ್ಯಾರ್ಥಿಗಳಿಗೆ 50 ಪ್ರಶ್ನೆ ಕೊಟ್ಟರು. ಸರಿ ಉತ್ತರಕ್ಕೆ ಇಷ್ಟು ಅಂತ ತೀರಾ ಚಿಲ್ಲರೆ ಕೊಟ್ಟ ಗುಂಪು, ಉತ್ತರಕ್ಕೆ ಏನೂ ಕೊಡದ ಗುಂಪಿಗಿಂತ ಕಡಿಮೆ ಬರೆಯಿತು. ಇದನ್ನು ಕೆಲವರು ಮೇಲಿನ ಒಂದು ಡಾಲರ್ ಕಥೆಗೆ ಎದುರು ನಿಲ್ಲಿಸುತ್ತಾರೆ. ನನಗೆ ಎರಡೂ ಒಂದೇ ಅನಿಸುತ್ತೆ. ಇಸ್ರೇಲ್‌ನಲ್ಲಿ ಚಿಲ್ಲರೆ ಕೊಟ್ಟಿದ್ದು ಉತ್ತರಕ್ಕೆ ಬೆಲೆ ಕಟ್ಟಿ. ಲಕೋಟೆಯ ಡಾಲರ್ ಯಾವ ಉತ್ತರಕ್ಕೂ ಅಂಟಿಕೊಂಡಿರಲಿಲ್ಲ. ಉತ್ತರಿಸದಿದ್ದರೂ ಅದು ಅವರದೇ.

ಅದಕ್ಕೇ ಕೊಡುವಾಗ ಬಾಯಲ್ಲೇ ಹೇಳಬೇಕು: ಇಷ್ಟವಿಲ್ಲದ ಪ್ರಶ್ನೆ ಬಿಡಿ, ನಡುವೆ ಎದ್ದರೂ ಈ ದುಡ್ಡು ನಿಮ್ಮದೇ.

ಎಷ್ಟು ಕೊಡೋದು ಅಂತ ಕೇಳಿದ್ದೆಯಲ್ಲ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿನ ದಿನ, ನಿನ್ನ ಸರ್ವೆಗೆ ಮನೆಗೆ 40 ನಿಮಿಷ ಅಂದುಕೊಂಡರೆ ಅಷ್ಟು ಹೊತ್ತಿಗೆ ಸುಮಾರು 31. ನೂರು ಕೊಟ್ಟರೆ ಅದರ ಮೂರು ಪಟ್ಟು ಆಯ್ತು. ಮರ್ಯಾದೆಯೂ ಉಳಿಯುತ್ತೆ, ಆಸೆ ಹಚ್ಚಿದಂತೆಯೂ ಆಗಲ್ಲ. ಆರೋಗ್ಯ ಸಂಶೋಧನೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ: ಹೊತ್ತು, ಓಡಾಟ, ಕಳೆದುಹೋದ ಕೂಲಿಗೆ ಕೊಡಬಹುದು, ಆಸೆ ತೋರಿಸಿ ಒಪ್ಪಿಸಬಾರದು. ನಿನ್ನದು ತೊಗರಿ, ಆದರೂ ಅಳತೆಗೋಲು ಅದೇ ಇರಲಿ.

ಔರಾದ್ ಮಾಸ್ತರ · ಮಂಗಳವಾರ ಬೆಳಿಗ್ಗೆ 6:02

ರಾತ್ರಿ ಇದನ್ನೇ ಯೋಚಿಸಿದೆ. ಗಂಡಸರು 92 ಅಂದಿರಲ್ಲ, ಅದು ತಲೆಯಲ್ಲಿ ಉಳಿಯಿತು.

ಈ ಹುಡುಗ ಕೇಳೋದು ಏನು? ರಾಶಿ ಆದ ಕೂಡಲೇ ಮಾರಿದೆಯಾ, ಇಟ್ಟುಕೊಂಡೆಯಾ ಅಂತ. ಕೂಡಲೇ ಮಾರುವವನು ಯಾರು? ಎರಡು ಎಕರೆಯವನು, ಸಾಲ ಇದ್ದವನು. ಜನವರಿಯಲ್ಲಿ ರಾಶಿ ಮಾಡಿ, ಮಾರಿ, ಸಾಲ ಕಟ್ಟಿ, ಮನೆಗೆ ಬೀಗ ಹಾಕಿ ಪುಣೆಗೋ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾನೆ. ಫೆಬ್ರವರಿಯಲ್ಲಿ ನೀನು ಊರಿಗೆ ಹೋದರೆ ಕಟ್ಟೆ ಮೇಲೆ ಸಿಗುವವನು ಯಾರು? ಹತ್ತು ಎಕರೆಯವನು, ಒಳಗೆ ಚೀಲ ಪೇರಿಸಿಟ್ಟವನು.

ಅವನ ಕೈಗೆ ನೂರಿಟ್ಟು ಕೇಳು, ಎಲ್ಲ ಹೇಳುತ್ತಾನೆ. ನೂರಕ್ಕೆ ನೂರು ಉತ್ತರ ಬಂತು ಅಂತ ನೀನು ಬರೆದುಕೊಳ್ಳುತ್ತೀಯ. 'ಕಲಬುರಗಿ ರೈತರು ತೊಗರಿ ಮಾರದೆ ಕಾಯುತ್ತಾರೆ' ಅಂತ ಪೇಪರಿನಲ್ಲಿ ಬರುತ್ತೆ. ಬೀಗ ಹಾಕಿದ ಮನೆಗೆ ಯಾವ ಲಕೋಟೆ ಕೊಡುತ್ತೀಯ?

ಅಂಕಿ ಸಂಖ್ಯೆ · 7:15

ಮಾಸ್ತರ್ರೇ, ಕೈ ಮುಗಿದೆ. ನಾನು ಎರಡು ದಿನದಿಂದ ಎಷ್ಟು ಜನ ಉತ್ತರ ಕೊಡುತ್ತಾರೆ ಅಂತ ಬರೆಯುತ್ತಿದ್ದೆ. ಯಾರು ಕೊಡಲ್ಲ ಅಂತ ಕೇಳಿದ್ದು ನೀವು.

1936ರಲ್ಲಿ ಅಮೆರಿಕದ ಒಂದು ಪತ್ರಿಕೆ, ಲಿಟರರಿ ಡೈಜೆಸ್ಟ್, ಚುನಾವಣೆಗೆ ಮುಂಚೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದಿದ್ದು ರೂಸ್‌ವೆಲ್ಟ್, 48 ರಾಜ್ಯದಲ್ಲಿ 46. ಚೀಟಿ ಹೋಗಿದ್ದು ಹೆಚ್ಚಾಗಿ ಕಾರು, ಫೋನ್ ಇದ್ದವರ ಪಟ್ಟಿಗೆ. ಅದರಲ್ಲೂ ತಿರುಗಿ ಕಳಿಸಿದವರು ಒಂದು ಥರದವರು, ಕಳಿಸದವರು ಇನ್ನೊಂದು ಥರದವರು. ಉತ್ತರದ ರಾಶಿ ಎಷ್ಟು ದೊಡ್ಡದಿದ್ದರೇನು.

ಸುರಪುರದಾಕಿ · 8:30

ಗುಳೆ ಹೋದವರು ಸಿಗುತ್ತಾರೆ. ಜಾತ್ರೆಗೆ ಬರುತ್ತಾರೆ, ಯುಗಾದಿಗೆ ಬರುತ್ತಾರೆ, ಮನೆಯಲ್ಲಿ ಮದುವೆ ಇದ್ದರೆ ಬಂದೇ ಬರುತ್ತಾರೆ. ಬೀಗ ಹಾಕಿದ ಮನೆ ಅಂತ ಪಟ್ಟಿಯಿಂದ ಹೊಡೆದು ಪಕ್ಕದ ಮನೆ ಹಿಡಿಯಬೇಡ. ಪಕ್ಕದವರ ಹತ್ತಿರ ಅವರ ಫೋನ್ ನಂಬರ್ ಇರುತ್ತೆ. ಆದರೆ ನೀನು ಮಾಡಬೇಡ, ಪಕ್ಕದವರಿಂದಲೇ ಮೊದಲ ಫೋನ್ ಮಾಡಿಸು. ಕೆಲಸ ಬಿಟ್ಟ ಮೇಲೆ, ರಾತ್ರಿ ಎಂಟರ ನಂತರ. ಮಾತಾಡೋಕೆ ಒಪ್ಪಿದ ಕೂಡಲೇ, ಪ್ರಶ್ನೆ ಶುರುವಾಗೋ ಮೊದಲೇ, ರೀಚಾರ್ಜ್ ಹಾಕಿಸು. ಅವರಿಗೆ ಲಕೋಟೆ ಅದೇ.

ಇನ್ನೊಂದು ಮಾತು, ಯಾರೂ ಎತ್ತಲಿಲ್ಲ. ನಿನ್ನ ಜೊತೆ ಸರ್ವೆಗೆ ಬರೋ ಹುಡುಗರಿಗೆ ಒಂದು ಫಾರ್ಮಿಗೆ ಇಷ್ಟು ಅಂತ ಕೊಡಬೇಡ, ದಿನದ ಲೆಕ್ಕದಲ್ಲಿ ಕೊಡು. ಫಾರ್ಮಿನ ಲೆಕ್ಕ ಅಂದರೆ ಬೇವಿನ ಮರದ ಕೆಳಗೇ ಕೂತು ಊರೆಲ್ಲ ಸರ್ವೆ ಮುಗಿಸುತ್ತಾರೆ. ಬೀಗ ಹಾಕಿದ ಮನೆಗಂತೂ ಯಾರೂ ಎರಡನೇ ಸಲ ಹೋಗಲ್ಲ.

ಕಾಗಿಣಾ ದಂಡೆ · ಬುಧವಾರ ರಾತ್ರಿ 10:20

ಗೈಡ್ ಜೊತೆ ಕೂತು ಮಾತಾಡಿದೆ. ಕೆಂಪು ಬನಿಯನ್ ಕಥೆ ಹೇಳಿದೆ, ನಕ್ಕರು. ಬೀಗದ ಮನೆ ಕಥೆ ಹೇಳಿದೆ, ನಗಲಿಲ್ಲ. ಒಪ್ಪಿದರು.

ಗೂಗಲ್ ಫಾರ್ಮ್ ಬಂದ್. 150 ಮನೆ, ಮನೆಗೆ 101 ರೂಪಾಯಿ, ಒಟ್ಟು 15,150. ಮೊದಲೇ, ಒಳಗೆ ಕೂತು. ಉಳಿದ 14,850 ಎರಡನೇ ಮೂರನೇ ಸಲದ ಬಸ್ ಚಾರ್ಜು, ರೀಚಾರ್ಜು, ಜೊತೆಗೆ ಬರೋ ಒಬ್ಬ ಹುಡುಗನ ದಿನಗೂಲಿಗೆ. 'ಎಷ್ಟು ಕ್ವಿಂಟಲ್' ಪ್ರಶ್ನೆ ತೆಗೆದೆ. 'ರಾಶಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಾರಿದಿರಾ, ಕಡಿಮೆಯಾ' ಅಂತ ಮಾತ್ರ ಇಟ್ಟಿದ್ದೇನೆ. ಮಾಂಜ್ರಾ ಕಾಕಾ, ಮುಗಿದ ಮೇಲೆ ಪ್ರತಿ ಊರಿನ ಕಟ್ಟೆ ಮೇಲೆ ಕೂತು ಏನು ಕಂಡಿತು ಅಂತ ಹೇಳಿಯೇ ಬರುತ್ತೇನೆ.

ಈಗ ಹೊಸ ತೊಂದರೆ. ಮದುವೆ ಕಾರ್ಡ್ ಅಂಗಡಿಗೆ ಹೋಗಿದ್ದೆ, ಒಂದು ರೂಪಾಯಿ ನಾಣ್ಯ ಅಂಟಿಸಿದ ಮುಯ್ಯಿ ಕವರ್ ಚೆಂದ ಇರುತ್ತೆ ಅಂತ. ಅವರ ಹತ್ತಿರ ಇರೋದೆಲ್ಲ 'ಶುಭ ವಿವಾಹ', ಮೇಲೆ ಗಣಪತಿ. ಎಲ್ಲ ಜಾತಿ, ಎಲ್ಲ ಧರ್ಮದ ಮನೆಗೂ ಹೋಗಬೇಕು, ಅದೂ ಮದುವೆಯೇ ಇಲ್ಲದೆ.

ಲೆಕ್ಕಪತ್ರ · 10:26

ಆಫೀಸಿನ ಖಾಕಿ ಲಕೋಟೆ ತಗೊಳ್ಳಿ. ಅಗ್ಗ, ಬಿಲ್ಲೂ ಸಿಗುತ್ತೆ.

ಮಾಂಜ್ರಾ · 10:29

ಖಾಕಿ ಬೇಡಪ್ಪ! ಖಾಕಿ ಲಕೋಟೆ ಬಂತು ಅಂದರೆ ಬ್ಯಾಂಕಿನ ನೋಟಿಸ್ ಅಂತ ಹಿಂದಿನ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತೇವೆ.

ಸುರಪುರದಾಕಿ · 10:33

ಸೂಪರ್ ಮಾರ್ಕೆಟ್‌ನಲ್ಲಿ ಹಳದಿ, ಗುಲಾಬಿ ಬಣ್ಣದ ಸಾದಾ ಕವರ್ ಸಿಗುತ್ತವೆ. ನಾಣ್ಯ ನೀನೇ ಅಂಟಿಸಿಕೋ. ಗೋಂದು ಮಾತ್ರ ಒಳ್ಳೆಯದು ತಗೋ. ಬಿಸಿಲಿಗೆ ಕರಗಿ ನಮ್ಮ ಚೀಲದ ತುಂಬ ರೂಪಾಯಿ ಉದುರಿದ್ದವು.